ಎರಡು ಮೂತ್ರಪಿಂಡ, ಒಂದು ಮೆಲನೋಮಾ

ಮಹಿಳೆಯ ಸ್ತನದಲ್ಲಿ ಗಂಟು ಕಂಡಾಗ ವೈದ್ಯರಿಗೆ ಬಂದ ಮೊದಲ ಅನುಮಾನ ಯಾರಿಗಾದರೂ ಬರುವಂಥದ್ದೇ: ಸ್ತನ ಕ್ಯಾನ್ಸರ್ ಇರಬೇಕು. ಬಯಾಪ್ಸಿ ವರದಿ ಬೇರೆಯದನ್ನೇ ಹೇಳಿತು. ಗಂಟಿನಲ್ಲಿದ್ದದ್ದು ಮೆಲನೋಮಾ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಂದ ಹುಟ್ಟುವ ಈ ಕ್ಯಾನ್ಸರ್ ಸ್ತನದಲ್ಲಿ ಕಾಣಿಸಿಕೊಂಡಿದೆ ಎಂದರೆ ಬೇರೆಲ್ಲಿಂದಲೋ ಹರಡಿ ಬಂದಿದೆ ಎಂದರ್ಥ. ಎಲ್ಲಿಂದ? ಮೂಲ ಗೆಡ್ಡೆ ಮಾತ್ರ ಸಿಗಲಿಲ್ಲ.

ಮೂಲ ಸಿಗದ ಮೆಲನೋಮಾ ಕೇಳರಿಯದ ಸಂಗತಿಯೇನಲ್ಲ. ನೂರರಲ್ಲಿ ಸುಮಾರು ಮೂರು ಪ್ರಕರಣಗಳು ಹೀಗಿರುತ್ತವೆ. ಚರ್ಮದ ಮೇಲಿದ್ದ ಮೊದಲ ಗೆಡ್ಡೆಯನ್ನು ದೇಹದ ರೋಗನಿರೋಧಕ ಕೋಶಗಳೇ ಅಳಿಸಿಹಾಕಿರುತ್ತವೆ, ಆದರೆ ಅಷ್ಟರಲ್ಲಿ ಕೆಲವು ಕ್ಯಾನ್ಸರ್ ಕೋಶಗಳು ಒಳಕ್ಕೆ ಇಳಿದುಬಿಟ್ಟಿರುತ್ತವೆ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ. ಈ ಪ್ರಕರಣವೂ ಆ ಪಟ್ಟಿಗೆ ಸೇರಿ ಅಲ್ಲಿಗೇ ಮುಗಿಯಬಹುದಿತ್ತು. ಆಕೆ ಅದೇ ಕಾಯಿಲೆಯಿಂದ ತೀರಿಕೊಂಡರು.

ಮುಗಿಯದಿರಲು ಕಾರಣ ಇನ್ನೊಬ್ಬ ರೋಗಿ. ಅವರಿಗೂ ಮೆಲನೋಮಾ, ಅವರಲ್ಲೂ ಮೂಲವಿಲ್ಲ. ಗಂಟು ಎದ್ದಿದ್ದದ್ದು ಅವರಿಗೆ ಕಸಿ ಮಾಡಿದ್ದ ಮೂತ್ರಪಿಂಡದಲ್ಲಿ. ಮೊದಲ ರೋಗಿಗೂ ಸುಮಾರು ಒಂದೂವರೆ ವರ್ಷದ ಹಿಂದೆ ಮೂತ್ರಪಿಂಡ ಕಸಿಯಾಗಿತ್ತು. 1998ರಲ್ಲಿ ಒಬ್ಬರೇ ದಾನಿಯ ಎರಡು ಮೂತ್ರಪಿಂಡಗಳು ಇವರಿಬ್ಬರ ಪಾಲಿಗೆ ಬಂದಿದ್ದವು.

ಗ್ಲಾಸ್ಗೋದ ಚರ್ಮರೋಗ ತಜ್ಞೆ ರೋನಾ ಮ್ಯಾಕಿ ಮತ್ತು ಸಹೋದ್ಯೋಗಿಗಳು ಸ್ಕಾಟ್ಲೆಂಡಿನ ಮೆಲನೋಮಾ ರೋಗಿಗಳ ದಾಖಲೆಯಲ್ಲಿ ದಾನಿಯ ಹೆಸರನ್ನು ಹುಡುಕಿದರು. ಸಿಕ್ಕಿತು. 1982ರಲ್ಲಿ ದಾನಿಯ ಚರ್ಮದಿಂದ 2.6 ಮಿಲಿಮೀಟರ್ ದಪ್ಪದ ಮೆಲನೋಮಾವನ್ನು ಕತ್ತರಿಸಿ ತೆಗೆಯಲಾಗಿತ್ತು. ವರ್ಷಗಟ್ಟಲೆ ತಪಾಸಣೆ ನಡೆದಿತ್ತು. ಕಾಯಿಲೆ ಮರುಕಳಿಸಿರಲಿಲ್ಲ. ಗುಣವಾಗಿದೆ ಎಂದು ಎಲ್ಲರೂ ಒಪ್ಪಿದ್ದರು. 2003ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಈ ವರದಿ ಗಾತ್ರದಲ್ಲಿ ಚಿಕ್ಕದು. ಆದರೆ ‘ಗುಣವಾಗಿದೆ’ ಎಂಬ ಮಾತಿಗೆ ಏನರ್ಥ ಎಂದು ಯೋಚಿಸುವವರನ್ನು ಅದು ಈಗಲೂ ಬಿಡುವುದಿಲ್ಲ. ಬೂದಿ ಮುಚ್ಚಿದ ಕೆಂಡ ಎಂಬ ಮಾತು ಇದಕ್ಕಿಂತ ಚೆನ್ನಾಗಿ ಹೊಂದುವ ಇನ್ನೊಂದು ಕಾಯಿಲೆಯ ಕಥೆ ನನಗೆ ಗೊತ್ತಿಲ್ಲ. ಹದಿನಾರು ವರ್ಷ ಒಬ್ಬರ ದೇಹದಲ್ಲಿ ಅಲುಗಾಡದೆ ಇದ್ದದ್ದು ಇನ್ನಿಬ್ಬರ ದೇಹದಲ್ಲಿ ಎರಡು ವರ್ಷವೂ ಸುಮ್ಮನಿರಲಿಲ್ಲ. ಕೋಶಗಳು ಅವೇ, ಮೂತ್ರಪಿಂಡವೂ ಅದೇ. ಬದಲಾದದ್ದು ಸುತ್ತಲಿನ ದೇಹ, ಮತ್ತು ಆ ದೇಹ ದಿನವೂ ನುಂಗುತ್ತಿದ್ದ ಮಾತ್ರೆಗಳು.

ಮಾತ್ರೆ ಎಲ್ಲಿ ತಡೆಯುತ್ತದೆ

ಬೇರೊಬ್ಬರ ಅಂಗವನ್ನು ದೇಹ ತನ್ನದೆಂದು ಒಪ್ಪಿಕೊಳ್ಳುವುದಿಲ್ಲ. ಒಪ್ಪಿಸಬೇಕು, ಅದೂ ಜೀವನಪರ್ಯಂತ. ಈ ಒಪ್ಪಿಸುವ ಕೆಲಸದಲ್ಲಿ ಮುಖ್ಯವಾಗಿ ಕಟ್ಟಿಹಾಕಬೇಕಾದದ್ದು ಟಿ ಕೋಶಗಳೆಂಬ ರೋಗನಿರೋಧಕ ಕೋಶಗಳನ್ನು.

ಕೊಲ್ಲುವ ಟಿ ಕೋಶವೊಂದನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿದರೆ ಏನು ಕಾಣುತ್ತದೆ? ಮಿಲಿಮೀಟರಿನ ನೂರನೇ ಒಂದು ಭಾಗದಷ್ಟಿರುವ ಅದು ಇತರ ಕೋಶಗಳ ಮೈಯನ್ನು ತಡವುತ್ತ ಸಾಗುತ್ತಿರುತ್ತದೆ. ದೇಹದ ಹೆಚ್ಚುಕಡಿಮೆ ಎಲ್ಲ ಕೋಶಗಳೂ ತಮ್ಮೊಳಗೆ ತಯಾರಾಗುವ ಪ್ರೋಟೀನುಗಳ ಚೂರುಗಳನ್ನು ಹೊರಮೈಯಲ್ಲಿ ಇಟ್ಟು ತೋರಿಸುತ್ತಿರುತ್ತವೆ. ಒಂದೊಂದು ಚೂರೂ ಎಂಟರಿಂದ ಹತ್ತು ಅಮೈನೋ ಆಮ್ಲಗಳಷ್ಟು ಉದ್ದ. ಬಿಸಿಲಿನ ಹೊಡೆತಕ್ಕೆ ಡಿಎನ್‌ಎ ಕೆಟ್ಟು ಹುಟ್ಟಿದ ಮೆಲನೋಮಾದಲ್ಲಿ ಹಿಂದೆಂದೂ ದೇಹ ಕಾಣದ ಚೂರುಗಳು ಬೇಕಾದಷ್ಟಿರುತ್ತವೆ. ಅಂಥ ಒಂದಕ್ಕೆ ಟಿ ಕೋಶದ ಗ್ರಾಹಿ, ಅಂದರೆ ಚೂರನ್ನು ಗುರುತಿಸುವ ಹೊರಮೈಯ ಪ್ರೋಟೀನ್, ಹೊಂದಿಕೊಂಡರೆ ನಡಿಗೆ ನಿಲ್ಲುತ್ತದೆ. ಗುಂಡಗಿದ್ದದ್ದು ಚಪ್ಪಟೆಯಾಗಿ ಗುರಿಗೆ ಅಂಟಿಕೊಳ್ಳುತ್ತದೆ. ಅದರೊಳಗಿನ ವಿಷದ ಚೀಲಗಳು ಅಂಟಿಕೊಂಡ ಬದಿಗೆ ಸರಿದು ಬಾಯಿ ಬಿಡುತ್ತವೆ. ಪರ್ಫೋರಿನ್ ಎಂಬ ಪ್ರೋಟೀನ್ ಗುರಿಯ ಪೊರೆಯಲ್ಲಿ ತೂತು ಕೊರೆಯುತ್ತದೆ, ಗ್ರಾಂಜೈಮ್ ಎಂಬ ಕಿಣ್ವ ಒಳಹೊಕ್ಕು ಕೋಶದ ಆತ್ಮನಾಶದ ಯಂತ್ರವನ್ನು ಚಾಲೂ ಮಾಡುತ್ತದೆ. ಗುರಿಕೋಶದ ಮೈಮೇಲೆ ಗುಳ್ಳೆಗಳೇಳುತ್ತವೆ, ಅದು ಮುದುಡುತ್ತದೆ. ಟಿ ಕೋಶ ಕಳಚಿಕೊಂಡು ಮುಂದಿನ ಕೋಶವನ್ನು ತಡವಲು ಹೊರಡುತ್ತದೆ.

ಒಂದೇ ಟಿ ಕೋಶದಿಂದ ಗೆಡ್ಡೆ ಕರಗುವುದಿಲ್ಲ. ಗುರಿ ಗುರುತಿಸಿದ ಟಿ ಕೋಶ ಸಾವಿರಾರಾಗಿ ಹೆಚ್ಚಬೇಕು. ಗ್ರಾಹಿ ಹೊಂದಿಕೊಂಡ ಕೂಡಲೇ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಅದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಆ ಕಿಣ್ವದ ದೆಸೆಯಿಂದ ಕೋಶಕೇಂದ್ರಕ್ಕೆ ಆದೇಶ ಹೋಗಿ ಇಂಟರ್ಲ್ಯೂಕಿನ್-2 ತಯಾರಾಗುತ್ತದೆ. ಟಿ ಕೋಶಗಳ ಸಂಖ್ಯೆ ಹೆಚ್ಚಿಸುವ ರಾಸಾಯನಿಕ ಅದೇ. ಕಸಿ ರೋಗಿಗಳಿಗೆ ಕೊಡುವ ಸೈಕ್ಲೋಸ್ಪೊರಿನ್, ಟ್ಯಾಕ್ರೊಲಿಮಸ್ ಔಷಧಗಳು ಕ್ಯಾಲ್ಸಿನ್ಯೂರಿನ್ನನ್ನೇ ಹಿಡಿದು ನಿಲ್ಲಿಸುತ್ತವೆ. ಅಜಥಯೋಪ್ರಿನ್, ಮೈಕೋಫೆನೊಲೇಟ್ ಇನ್ನೊಂದು ದಾರಿ ಹಿಡಿಯುತ್ತವೆ, ಕೋಶ ವಿಭಜನೆಗೆ ಬೇಕಾದ ಸಾಮಗ್ರಿಯನ್ನೇ ತಡೆಯುತ್ತವೆ. ‘ಮೂತ್ರಪಿಂಡವನ್ನು ಬಿಡು, ಕ್ಯಾನ್ಸರನ್ನು ಹಿಡಿ’ ಎಂದು ಹೇಳುವ ಬಾಯಿ ಈ ಮಾತ್ರೆಗಳಿಗಿಲ್ಲ.

ಹಾಗೆಂದು, ಈ ಮಾತ್ರೆ ನುಂಗುವವರಿಗೆ ಎಲ್ಲ ಕ್ಯಾನ್ಸರೂ ಹೆಚ್ಚು ಬರುತ್ತದೆ ಎಂದುಕೊಂಡರೆ ತಪ್ಪಾಗುತ್ತದೆ. ಚರ್ಮದ ಕ್ಯಾನ್ಸರುಗಳು ಹಲವು ಪಟ್ಟು ಹೆಚ್ಚುತ್ತವೆ, ವೈರಸ್‌ಗಳಿಂದ ಬರುವ ಲಿಂಫೋಮಾ, ಕಪೋಸಿ ಸಾರ್ಕೋಮಾಗಳು ಹೆಚ್ಚುತ್ತವೆ. ಸ್ತನ ಮತ್ತು ಪ್ರಾಸ್ಟೇಟ್ ಕ್ಯಾನ್ಸರುಗಳು ಹೆಚ್ಚುವುದಿಲ್ಲ. ‘ರೋಗನಿರೋಧಕ ಶಕ್ತಿ ಹೆಚ್ಚಿಸಿಕೊಳ್ಳಿ, ಕ್ಯಾನ್ಸರ್ ದೂರವಿಡಿ’ ಎಂಬ ಜಾಹೀರಾತು ಕಂಡಾಗಲೆಲ್ಲ ನನಗೆ ಈ ಎರಡು ಕ್ಯಾನ್ಸರುಗಳ ನೆನಪಾಗುತ್ತದೆ. ಶಕ್ತಿಯನ್ನು ಅಳೆಯುವ ಒಂದೇ ಮಾಪಕ ಅಲ್ಲಿಲ್ಲ. ಯಾವ ಕ್ಯಾನ್ಸರನ್ನು ಟಿ ಕೋಶಗಳು ಗುರುತಿಸಬಲ್ಲವು, ಯಾವುದನ್ನು ಗುರುತಿಸಲಾರವು ಎಂಬುದೇ ಅಲ್ಲಿ ಮುಖ್ಯ. ಮೆಲನೋಮಾ ಮೊದಲ ಗುಂಪಿನದು. ಕೆಲವು ಮೆಲನೋಮಾ ರೋಗಿಗಳ ಮೈಮೇಲೆ ತೊನ್ನಿನಂಥ ಬಿಳಿ ಕಲೆಗಳು ಮೂಡುತ್ತವೆ: ಕ್ಯಾನ್ಸರನ್ನು ಬೆನ್ನಟ್ಟಿ ಹೊರಟ ಟಿ ಕೋಶಗಳು ಅದರ ಒಡಹುಟ್ಟಿದ ಸಾಧಾರಣ ಬಣ್ಣದ ಕೋಶಗಳನ್ನೂ ಬಿಡದೆ ಹೊಡೆದಿರುತ್ತವೆ. ಕನ್ನಡಿಯಲ್ಲಿ ನೋಡಿಕೊಂಡು ಗಾಬರಿಯಾಗುವ ರೋಗಿಗೆ ವೈದ್ಯರು ಅದು ಬಹುಮಟ್ಟಿಗೆ ಒಳ್ಳೆಯ ಸೂಚನೆ ಎಂದು ಸಮಾಧಾನ ಹೇಳುತ್ತಾರೆ.

ಇಲಿಗಳ ಸಾಕ್ಷ್ಯ

ಗ್ಲಾಸ್ಗೋ ಪ್ರಕರಣವನ್ನು ಓದಿದವರಲ್ಲಿ ಹೆಚ್ಚಿನವರು ತಕ್ಷಣ ಬರುವ ತೀರ್ಮಾನ ಒಂದೇ: ದಾನಿಯ ಟಿ ಕೋಶಗಳು ಹದಿನಾರು ವರ್ಷ ಕ್ಯಾನ್ಸರನ್ನು ಅದುಮಿಟ್ಟಿದ್ದವು. ನನಗೂ ಹಾಗೇ ಅನಿಸುತ್ತದೆ. ಆದರೆ ಇಬ್ಬರು ರೋಗಿಗಳ ಕಥೆಯಿಂದಷ್ಟೇ ಅದು ಸಾಬೀತಾಗುವುದಿಲ್ಲ. ಕ್ಯಾನ್ಸರ್ ಕೋಶ ತಾನಾಗಿಯೇ ವಿಭಜನೆ ನಿಲ್ಲಿಸಿ ಮಲಗಿರಬಹುದು. ರಕ್ತನಾಳ ಬೆಳೆಯದೆ ಗುಂಡುಸೂಜಿಯ ತಲೆಯಷ್ಟಕ್ಕೇ ಗೆಡ್ಡೆ ನಿಂತಿರಬಹುದು. ಅದೂ ಅಲ್ಲದೆ, ಸೈಕ್ಲೋಸ್ಪೊರಿನ್ ಟಿ ಕೋಶಗಳ ಹಂಗಿಲ್ಲದೆಯೇ ಕ್ಯಾನ್ಸರ್ ಕೋಶಗಳನ್ನು ಹೆಚ್ಚು ಆಕ್ರಮಣಶೀಲವಾಗಿ ಮಾಡಬಲ್ಲದು ಎಂದು 1999ರಲ್ಲೇ ಪ್ರಯೋಗಗಳು ತೋರಿಸಿದ್ದವು.

ಸಂಶಯವನ್ನು ಬಹುಮಟ್ಟಿಗೆ ಪರಿಹರಿಸಿದ್ದು ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರಾಬರ್ಟ್ ಶ್ರೈಬರ್ ತಂಡ ಇಲಿಗಳ ಮೇಲೆ ನಡೆಸಿದ ಪ್ರಯೋಗ. 2007ರಲ್ಲಿ ಅದು ಪ್ರಕಟವಾಯಿತು. ಕ್ಯಾನ್ಸರ್ ತರುವ ರಾಸಾಯನಿಕವನ್ನು ಇಲಿಗಳಿಗೆ ಸ್ವಲ್ಪ ಪ್ರಮಾಣದಲ್ಲಿ ಚುಚ್ಚಿದರು. ಗೆಡ್ಡೆ ಬೆಳೆದ ಇಲಿಗಳನ್ನು ಬೇರೆಮಾಡಿದರು. ಉಳಿದವು 200 ದಿನ ಕಳೆದರೂ ಆರೋಗ್ಯವಾಗಿಯೇ ಇದ್ದವು. ಚುಚ್ಚಿದ ಜಾಗದಲ್ಲಿ ಬೆಳೆಯದ, ಕರಗದ ಸಣ್ಣ ಗಂಟು ಇದ್ದರೆ ಇರುತ್ತಿತ್ತು. ಈಗ ಅವುಗಳ ಟಿ ಕೋಶಗಳನ್ನು ಪ್ರತಿಕಾಯಗಳಿಂದ ಅಳಿಸಿ, ರೋಗನಿರೋಧಕ ಕೋಶಗಳು ಸುರಿಸುವ ಗಾಮಾ ಇಂಟರ್ಫೆರಾನ್ ಎಂಬ ಸಂಕೇತ ಪ್ರೋಟೀನನ್ನು ತಡೆದರು. ಸುಮಾರು ಅರ್ಧದಷ್ಟು ಇಲಿಗಳಲ್ಲಿ ಗೆಡ್ಡೆಗಳು ದಿಢೀರನೆ ಎದ್ದವು. ಟಿ ಕೋಶಗಳಲ್ಲದ ಇನ್ನೊಂದು ಬಗೆಯ ರೋಗನಿರೋಧಕ ಕೋಶಗಳಾದ ಸಹಜ ಕೊಲೆಗಾರ ಕೋಶಗಳನ್ನಷ್ಟೇ ಅಳಿಸಿದ ಇಲಿಗಳಲ್ಲಿ ಹಾಗಾಗಲಿಲ್ಲ. ಅಂದರೆ ಕ್ಯಾನ್ಸರನ್ನು ಹಿಡಿದಿಟ್ಟಿದ್ದದ್ದು ಕಂಡ ಮುಖವನ್ನು ನೆನಪಿಟ್ಟುಕೊಳ್ಳುವ ಟಿ ಕೋಶಗಳೇ. ಮೆಲನೋಮಾ ಬರುವ ಇಲಿಗಳಲ್ಲಿ 2010ರಲ್ಲಿ ಇನ್ನೊಂದು ತಂಡ ಕಂಡದ್ದೂ ಇದನ್ನೇ: ಕ್ಯಾನ್ಸರ್ ಕೋಶಗಳು ಬಹಳ ಬೇಗನೇ ದೇಹವಿಡೀ ಚದುರಿರುತ್ತವೆ, ಆದರೆ ಕೊಲ್ಲುವ ಟಿ ಕೋಶಗಳಿರುವವರೆಗೂ ಅವು ತಲೆಯೆತ್ತುವುದು ತಡವಾಗುತ್ತದೆ.

ಈ ಸ್ಥಿತಿಗೆ ವಿಜ್ಞಾನಿಗಳು ಸಮತೋಲನ ಎನ್ನುತ್ತಾರೆ. ಅದರ ಮೊದಲಿನ ಹಂತ ಕ್ಯಾನ್ಸರಿನ ನಿರ್ಮೂಲನ, ಆಮೇಲಿನ ಹಂತ ಕ್ಯಾನ್ಸರಿನ ಪಾರಾಗುವಿಕೆ. ಶ್ರೈಬರ್ ತಂಡದ 2001ರ ಪ್ರಯೋಗ ಪಾರಾಗುವಿಕೆಯ ಗುಟ್ಟನ್ನು ಬಿಚ್ಚಿತ್ತು. ರೋಗನಿರೋಧಕ ಕೋಶಗಳಿಲ್ಲದ ಇಲಿಗಳಲ್ಲಿ ಬೆಳೆದ 20 ಗೆಡ್ಡೆಗಳನ್ನು ಆರೋಗ್ಯವಂತ ಇಲಿಗಳಿಗೆ ಹಾಕಿದಾಗ 8 ಗೆಡ್ಡೆಗಳನ್ನು ಅವುಗಳ ದೇಹ ಹೊರದಬ್ಬಿತು. ಆರೋಗ್ಯವಂತ ಇಲಿಗಳಲ್ಲೇ ಬೆಳೆದ ಗೆಡ್ಡೆಗಳನ್ನು ಹಾಕಿದಾಗ ಒಂದನ್ನೂ ಹೊರದಬ್ಬಲಾಗಲಿಲ್ಲ. ಟಿ ಕೋಶಗಳ ಕಣ್ಣಿಗೆ ಬಿದ್ದವು ಸತ್ತು, ಕಣ್ತಪ್ಪಿಸಿಕೊಳ್ಳಬಲ್ಲವೇ ಉಳಿದು ಪೀಳಿಗೆ ಬೆಳೆಸಿದ್ದವು. ಟಿ ಕೋಶಗಳು ಕ್ಯಾನ್ಸರನ್ನು ಸೋಸುತ್ತವೆ. ಸೋಸಿ ಉಳಿದದ್ದು ಇನ್ನೂ ಜಾಣ.

ಸಮತೋಲನದಲ್ಲಿ ನಿಂತ ಕೋಶಗಳು ಮಾತ್ರ ಅಷ್ಟು ಜಾಣವಲ್ಲ. 2007ರ ಪ್ರಯೋಗದಲ್ಲಿ ಅವು ಇನ್ನೂ ಟಿ ಕೋಶಗಳ ಕಣ್ಣಿಗೆ ಚೆನ್ನಾಗಿ ಬೀಳುವಂಥವೇ ಆಗಿದ್ದವು. ಗ್ಲಾಸ್ಗೋ ದಾನಿಯ ಮೂತ್ರಪಿಂಡದಲ್ಲಿ ಕುಳಿತಿದ್ದವೂ ಅಂಥವೇ ಆಗಿದ್ದರೆ ಆಶ್ಚರ್ಯವಿಲ್ಲ. ಹೊಸದಾಗಿ ಅವು ಕಲಿತದ್ದೇನೂ ಇಲ್ಲ. ನೋಡುವ ಕಣ್ಣು ಇಲ್ಲವಾಯಿತು, ಅಷ್ಟೇ.

ಎರಡನೆಯ ರೋಗಿ

ಮೊದಲ ರೋಗಿಯ ವಿಷಯದಲ್ಲಿ ಕಾರಣ ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಎರಡನೆಯವರ ಚಿಕಿತ್ಸೆಯಲ್ಲಿ ವೈದ್ಯರು ಮಾಡಿದ್ದನ್ನು ಒಂದೇ ಸಾಲಿನಲ್ಲಿ ಹೇಳಬಹುದು: ರೋಗನಿರೋಧಕ ಕೋಶಗಳನ್ನು ಅದುಮುವ ಔಷಧ ನಿಲ್ಲಿಸಿದರು, ಕಸಿ ಮಾಡಿದ್ದ ಮೂತ್ರಪಿಂಡವನ್ನು ತೆಗೆದರು, ಟಿ ಕೋಶಗಳಿಗೆ ಚಾಲನೆ ಕೊಡಲು ಇಂಟರ್ಫೆರಾನ್ ಕೊಟ್ಟರು. ಕಾಯಿಲೆ ಹಿಂದೆ ಸರಿಯಿತು. ಅವರು ಡಯಾಲಿಸಿಸ್ ಯಂತ್ರಕ್ಕೆ ಮರಳಿದರು. ಅತ್ತ ದರಿ ಇತ್ತ ಪುಲಿ ಎನ್ನುತ್ತೇವಲ್ಲ, ಆ ಸ್ಥಿತಿಯಲ್ಲಿ ಅವರು ಆಯ್ದುಕೊಂಡ ದಡ ಅದು.

ಈ ದಾರಿ ಹೊಸದೂ ಅಲ್ಲ. 1968ರಲ್ಲೇ ಇಂಥದೊಂದು ವರದಿ ಬಂದಿತ್ತು. ಶ್ವಾಸಕೋಶದ ಕ್ಯಾನ್ಸರ್ ಇದ್ದ ದಾನಿಯಿಂದ ಬಂದ ಮೂತ್ರಪಿಂಡದ ಜೊತೆ ಕ್ಯಾನ್ಸರೂ ಬಂದಿತ್ತು. ಔಷಧ ನಿಲ್ಲಿಸಿದಾಗ ದೇಹ ಮೂತ್ರಪಿಂಡದೊಂದಿಗೆ ಕ್ಯಾನ್ಸರನ್ನೂ ತಿರಸ್ಕರಿಸಿತು. 2018ರಲ್ಲಿ ವರದಿಯಾದ ಇನ್ನೊಂದು ಪ್ರಕರಣ ಇನ್ನೂ ಕಠೋರ. 2007ರಲ್ಲಿ ಮೃತಪಟ್ಟ ದಾನಿಯೊಬ್ಬರಿಂದ ಅಂಗ ಪಡೆದ ನಾಲ್ವರಿಗೆ, ಕಸಿಯಾದ 16 ತಿಂಗಳಿನಿಂದ 6 ವರ್ಷಗಳೊಳಗೆ, ಆ ದಾನಿಯ ಸ್ತನ ಕ್ಯಾನ್ಸರ್ ಬಂತು. ಮೂವರು ತೀರಿಕೊಂಡರು. ಬದುಕಿದ ಒಬ್ಬರು ಮೂತ್ರಪಿಂಡ ಪಡೆದಿದ್ದವರು: ಅದನ್ನು ತೆಗೆದು, ಔಷಧ ನಿಲ್ಲಿಸಿ, ಕಿಮೋಥೆರಪಿ ಕೊಡಲಾಯಿತು. ಮೂತ್ರಪಿಂಡವಿಲ್ಲದೆ ಡಯಾಲಿಸಿಸ್ ಮೇಲೆ ಬದುಕಬಹುದು. ಶ್ವಾಸಕೋಶವನ್ನೋ ಯಕೃತ್ತನ್ನೋ ಹಾಗೆ ತೆಗೆದಿಡಲು ಬರುವುದಿಲ್ಲ.

ಇಂಥ ಪ್ರಕರಣಗಳು ತೀರ ವಿರಳ, ಹತ್ತು ಸಾವಿರ ಕಸಿಗಳಲ್ಲಿ ಬೆರಳೆಣಿಕೆಯಷ್ಟು. ಕಸಿಗಾಗಿ ಕಾಯುತ್ತಿರುವವರು ಇದನ್ನು ಓದಿ ಹೆದರಬೇಕಾಗಿಲ್ಲ.

ಇಲ್ಲೊಂದು ಎಚ್ಚರ ಬೇಕು, ಅನೇಕ ಬರಹಗಳಲ್ಲಿ ಅದು ಜಾರಿಹೋಗುತ್ತದೆ. ದಾನಿಯ ದೇಹಕ್ಕೆ ಆ ಮೆಲನೋಮಾ ಸ್ವಂತದ್ದು. ಬದಲಾದ ಕೆಲವು ಪ್ರೋಟೀನ್ ಚೂರುಗಳನ್ನು ಬಿಟ್ಟರೆ ಉಳಿದೆಲ್ಲ ಪರಿಚಿತ. ಎರಡನೆಯ ರೋಗಿಯ ದೇಹಕ್ಕೆ ಅದೇ ಮೆಲನೋಮಾ ಅಡಿಯಿಂದ ಮುಡಿಯವರೆಗೆ ಪರಕೀಯ. ಔಷಧ ನಿಂತ ಮೇಲೆ ಅವರ ಟಿ ಕೋಶಗಳು ಅದನ್ನು ಬೇರೊಬ್ಬರ ಅಂಗದಂತೆ ಹೊಡೆದವೇ ಹೊರತು ಕ್ಯಾನ್ಸರ್ ಎಂಬ ಕಾರಣಕ್ಕಷ್ಟೇ ಅಲ್ಲ. ತನ್ನದೇ ಕೋಶದಿಂದ ಹುಟ್ಟಿದ ಕ್ಯಾನ್ಸರಿರುವ ರೋಗಿಗೆ ಈ ಅನುಕೂಲ ಸಿಗುವುದಿಲ್ಲ. ಅವರ ಟಿ ಕೋಶಗಳು ಆ ಸಣ್ಣ ವ್ಯತ್ಯಾಸವನ್ನೇ ಹಿಡಿದು ಹೋಗಬೇಕು. ಹೋಗುವ ದಾರಿಯಲ್ಲಿ ಅಡ್ಡಗಟ್ಟುವವರೂ ಇದ್ದಾರೆ.

ಬೇಲಿಯೇ ಹೊಲ ಮೇಯುವಾಗ

ಅಡ್ಡಗಟ್ಟುವವುಗಳಲ್ಲಿ ಹೆಚ್ಚಿನವು ರೋಗನಿರೋಧಕ ಕೋಶಗಳೇ. ಗಾಯದ ಜಾಗದಲ್ಲಿ ಕಸ ತಿಂದು, ರಕ್ತನಾಳ ಬೆಳೆಸಿ, ಉರಿಯೂತ ತಣಿಸುವುದು ಮ್ಯಾಕ್ರೋಫೇಜ್‌ಗಳ ಕೆಲಸ. ಬೆಳೆಯುತ್ತಿರುವ ಗೆಡ್ಡೆ ಅವುಗಳ ಪಾಲಿಗೆ ಮಾಯದ ಗಾಯ. ರಕ್ತದಿಂದ ಬಂದು ಗೆಡ್ಡೆಯೊಳಗೆ ನೆಲೆಸುವ ಮ್ಯಾಕ್ರೋಫೇಜ್‌ಗಳು ಅದಕ್ಕೆ ರಕ್ತನಾಳ ಕಟ್ಟಿಕೊಡುತ್ತವೆ, ಕ್ಯಾನ್ಸರ್ ಕೋಶ ಹರಡಲು ದಾರಿ ಬಿಡಿಸಿಕೊಡುತ್ತವೆ. ದೇಹ ತನ್ನ ಮೇಲೆ ತಾನೇ ಎರಗದಂತೆ ನೋಡಿಕೊಳ್ಳುವ ನಿಯಂತ್ರಕ ಟಿ ಕೋಶಗಳು ಗೆಡ್ಡೆಯೊಳಗೂ ಅದೇ ಶಿಸ್ತು ಪಾಲಿಸಿ ಕೊಲ್ಲುವ ಟಿ ಕೋಶಗಳನ್ನು ಸುಮ್ಮನಾಗಿಸುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಮಾತು ಪೂರ್ತಿ ನ್ಯಾಯವಲ್ಲ. ಈ ಬೇಲಿಗೆ ತಾನು ಮೇಯುತ್ತಿರುವುದೇ ಗೊತ್ತಿಲ್ಲ.

ಇವೆಲ್ಲಕ್ಕಿಂತ ಚತುರವಾದ ಅಡ್ಡಿ ಕೊಲ್ಲುವ ಟಿ ಕೋಶದ ಮೈಮೇಲೇ ಇದೆ. ಪಿಡಿ-1 ಎಂಬ ಗ್ರಾಹಿ ಅದರ ಬ್ರೇಕು. ದಾಳಿ ನಡೆಸುವ ಟಿ ಕೋಶ ಗಾಮಾ ಇಂಟರ್ಫೆರಾನ್ ಸುರಿಸುತ್ತದೆ. ಆ ಇಂಟರ್ಫೆರಾನ್ ತಾಗಿದ ಕ್ಯಾನ್ಸರ್ ಕೋಶ ಪಿಡಿ-ಎಲ್1 ಎಂಬ ಪ್ರೋಟೀನನ್ನು ಹೊರಮೈಗೆ ತರುತ್ತದೆ. ಅದು ಪಿಡಿ-1 ಅನ್ನು ಒತ್ತುತ್ತದೆ. ಹೊಡೆತವೇ ಗುರಾಣಿಯನ್ನು ಎತ್ತಿಸುತ್ತದೆ. ಸಿಟಿಎಲ್‌ಎ-4 ಇನ್ನೊಂದು ಬ್ರೇಕು, ಅದು ಟಿ ಕೋಶ ಹೊರಡುವ ಮೊದಲೇ ದುಗ್ಧಗ್ರಂಥಿಯಲ್ಲಿ ಹಿಡಿಯುತ್ತದೆ. ಈ ಬ್ರೇಕುಗಳನ್ನು ಸಡಿಲಿಸಿ ಕ್ಯಾನ್ಸರಿಗೆ ಚಿಕಿತ್ಸೆ ನೀಡುವ ದಾರಿ ತೋರಿದ್ದಕ್ಕೆ ಅಮೆರಿಕದ ಜೇಮ್ಸ್ ಆಲಿಸನ್ ಮತ್ತು ಜಪಾನಿನ ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು.

ಗ್ಲಾಸ್ಗೋ ರೋಗಿಗಳ ಕಾಲಕ್ಕೆ ಈ ಔಷಧಗಳು ಇರಲಿಲ್ಲ. ಸಿಟಿಎಲ್‌ಎ-4 ತಡೆಯುವ ಇಪಿಲಿಮುಮ್ಯಾಬ್ 2011ರಲ್ಲಿ, ಪಿಡಿ-1 ತಡೆಯುವ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್ 2014ರಲ್ಲಿ ಅಮೆರಿಕದಲ್ಲಿ ಮೆಲನೋಮಾಕ್ಕೆ ಒಪ್ಪಿಗೆ ಪಡೆದವು. ಅದಕ್ಕೆ ಮೊದಲು ದೇಹವಿಡೀ ಹರಡಿದ ಮೆಲನೋಮಾ ರೋಗಿಗಳಲ್ಲಿ ಅರ್ಧದಷ್ಟು ಮಂದಿ ಒಂದು ವರ್ಷ ದಾಟುತ್ತಿರಲಿಲ್ಲ. ಇಪಿಲಿಮುಮ್ಯಾಬ್ ಮತ್ತು ನಿವೊಲುಮ್ಯಾಬ್ ಎರಡನ್ನೂ ಕೂಡಿಸಿ ಕೊಟ್ಟ ದೊಡ್ಡ ಪ್ರಯೋಗವೊಂದರ ಹತ್ತು ವರ್ಷಗಳ ಲೆಕ್ಕ 2024ರಲ್ಲಿ ಬಂತು: ಹತ್ತು ವರ್ಷಗಳ ನಂತರ ಶೇ 43ರಷ್ಟು ಜನ ಬದುಕಿದ್ದರು. ಅವರಲ್ಲಿ ಎಷ್ಟು ಜನರ ದೇಹದಿಂದ ಕ್ಯಾನ್ಸರ್ ಬುಡಸಮೇತ ಹೋಗಿದೆ, ಎಷ್ಟು ಜನರಲ್ಲಿ ಆ ದಾನಿಯಂತೆ ಸಮತೋಲನದಲ್ಲಿ ನಿಂತಿದೆ ಎಂಬುದನ್ನು ಯಾವ ಸ್ಕ್ಯಾನೂ ಬಿಡಿಸಿ ಹೇಳಲಾರದು. ಬದುಕಿರುವವರಿಗೆ ಆ ವ್ಯತ್ಯಾಸದಿಂದ ಆಗಬೇಕಾದದ್ದೂ ಹೆಚ್ಚೇನಿಲ್ಲ, ಮುಂದೆಂದಾದರೂ ಟಿ ಕೋಶಗಳನ್ನು ಅದುಮುವ ಔಷಧ ನುಂಗಬೇಕಾಗಿ ಬರದಿದ್ದರೆ.

ಬ್ರೇಕು ಸಡಿಲವಾದ ಟಿ ಕೋಶಗಳು ಕ್ಯಾನ್ಸರಿನ ಬಳಿಯೇ ನಿಲ್ಲುವುದಿಲ್ಲ. ಕರುಳು, ಥೈರಾಯ್ಡ್, ಯಕೃತ್ತು, ಕೆಲವೊಮ್ಮೆ ಹೃದಯ ಕೂಡ ಅವುಗಳ ಹೊಡೆತಕ್ಕೆ ಸಿಗುತ್ತವೆ. ಆಗ ಅದೇ ವೈದ್ಯರು ಅದೇ ರೋಗಿಗೆ ಟಿ ಕೋಶಗಳನ್ನು ಅದುಮುವ ಸ್ಟೆರಾಯ್ಡ್ ಬರೆಯುತ್ತಾರೆ.

ಈಗ ಗ್ಲಾಸ್ಗೋ ಪ್ರಕರಣವನ್ನು ತಿರುಗಿಸಿ ನೋಡಿ. ಕಸಿಯಾದ ಮೂತ್ರಪಿಂಡ ಚೆನ್ನಾಗಿ ಕೆಲಸ ಮಾಡುತ್ತಿರುವ ರೋಗಿಗೆ ಅವರದೇ ಚರ್ಮದಲ್ಲಿ ಮೆಲನೋಮಾ ಹುಟ್ಟಿ ಹರಡಿದೆ. ಪಿಡಿ-1 ತಡೆಯುವ ಔಷಧ ಕೊಟ್ಟರೆ ಟಿ ಕೋಶಗಳು ಎದ್ದು ಕ್ಯಾನ್ಸರಿನ ಮೇಲೂ ಹೋಗಬಹುದು, ಮೂತ್ರಪಿಂಡದ ಮೇಲೂ ಹೋಗಬಹುದು. ಹೀಗೆ ಚಿಕಿತ್ಸೆ ಪಡೆದ ಕಸಿ ರೋಗಿಗಳ ವರದಿಗಳನ್ನು ಒಟ್ಟುಗೂಡಿಸಿ ನೋಡಿದಾಗ ಹತ್ತರಲ್ಲಿ ಸುಮಾರು ನಾಲ್ವರ ದೇಹ ಕಸಿಯಾದ ಅಂಗವನ್ನು ತಿರಸ್ಕರಿಸಿದೆ. ಔಷಧದ ಮೊದಲ ಡ್ರಿಪ್ ಏರಿಸುವ ಮುನ್ನ ವೈದ್ಯರು ಆ ಸಂಖ್ಯೆಯನ್ನು ರೋಗಿಯ ಮುಂದಿಡುತ್ತಾರೆ. ಗ್ಲಾಸ್ಗೋದ ಎರಡನೆಯ ರೋಗಿಯ ಮುಂದಿದ್ದ ಪ್ರಶ್ನೆಯೇ ಇವರ ಮುಂದೆಯೂ ಇದೆ: ಡಯಾಲಿಸಿಸ್ ಯಂತ್ರಕ್ಕೆ ಮರಳಲು ನೀವು ಸಿದ್ಧರಿದ್ದೀರಾ?

ದಾನಿಗಳ ವಿಷಯದಲ್ಲಿ ಇಂಥ ಲೆಕ್ಕಾಚಾರಕ್ಕೆ ಹೋಗುವುದಿಲ್ಲ. ಚರ್ಮದ ಆಳಕ್ಕಿಳಿದ ಮೆಲನೋಮಾ ಒಮ್ಮೆ ಬಂದುಹೋದವರ ಅಂಗಗಳನ್ನು, ನಡುವೆ ಎಷ್ಟೇ ವರ್ಷ ಕಳೆದಿದ್ದರೂ, ಈಗ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅಂಗದಾನಕ್ಕೆ ಮುಂದಾದ ಕುಟುಂಬದವರನ್ನು ಮೃತರಿಗೆ ಹಿಂದೆಂದಾದರೂ ಕ್ಯಾನ್ಸರ್ ಬಂದಿತ್ತೇ ಎಂದು ಕೇಳುವುದರ ಜೊತೆಗೆ, ಮಚ್ಚೆಯನ್ನೇನಾದರೂ ತೆಗೆಸಿಕೊಂಡಿದ್ದರೇ ಎಂದೂ ಕೇಳಲಾಗುತ್ತದೆ.